ಮೃಗಾಲಯದ ಗೇಟು ದಾಟುವ ಆನೆ

ಶ್ರೋತೃಗಳಿಗೆ ನಮಸ್ಕಾರ.

2009ರ ನವೆಂಬರಿನಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ ಒಂದು ಆದೇಶ ಹೊರಡಿಸಿತು. ಮೃಗಾಲಯ, ಸರ್ಕಸ್ಸುಗಳಲ್ಲಿರುವ ಆನೆಗಳನ್ನು ಅರಣ್ಯ ಇಲಾಖೆಯ ಶಿಬಿರಗಳಿಗೋ ಪುನರ್ವಸತಿ ಕೇಂದ್ರಗಳಿಗೋ ಸಾಗಿಸಬೇಕು ಎಂದು. ಇಷ್ಟು ವರ್ಷ ಕಳೆದರೂ ಮೈಸೂರಿನಲ್ಲೂ ದೆಹಲಿಯಲ್ಲೂ ಮೃಗಾಲಯದ ಆನೆಗಳು ಇದ್ದೇ ಇವೆ. ಕಡತ ಸರಿಸಿದಷ್ಟು ಸುಲಭವಾಗಿ ಆನೆ ಸರಿಯುವುದಿಲ್ಲ, ಒಪ್ಪೋಣ. ಆದರೆ ತಡವಾದಷ್ಟೂ ಕೆಲಸ ಕಷ್ಟವಾಗುತ್ತದೆ. ಮೊದಲು ಸೋಲುವುದು ಕಾಲು.

ಆನೆಯ ಅಂಗಾಲು ಬೆಳೆಯುತ್ತಲೇ ಇರುತ್ತದೆ. ಕಾಡಿನ ನಡಿಗೆ ಅದನ್ನು ತೇಯುತ್ತಲೇ ಇರುತ್ತದೆ. ಕಾಂಕ್ರೀಟಿನ ಮೇಲೆ ನಿಂತೇ ದಿನ ಕಳೆಯುವ ಆನೆಗೆ ಈ ಲೆಕ್ಕ ತಪ್ಪುತ್ತದೆ. ಮೂತ್ರ, ಲದ್ದಿಯ ತೇವಕ್ಕೆ ಅಂಗಾಲು ಮೆತ್ತಗಾಗಿ ಬಿರಿಯುತ್ತದೆ, ಬಿರುಕಿಗೆ ಹರಳು ಹೊಕ್ಕು ಕೀವು ಕಟ್ಟುತ್ತದೆ. ಕೀವು ಮೂಳೆಗಿಳಿದರೆ ಮುಗಿಯಿತು, ಔಷಧ ಅಲ್ಲಿಗೆ ಸರಿಯಾಗಿ ತಲುಪುವುದೇ ಇಲ್ಲ. ದಿನವೂ ಕಾಲು ತೊಳೆಯಬೇಕು, ಬೆಳೆದ ಚರ್ಮವನ್ನು ಹೆರೆಯಬೇಕು, ಉಗುರಿಗೆ ಅರ ಹಾಕಬೇಕು, ನೆಲಕ್ಕೆ ದಪ್ಪನಾಗಿ ಮರಳು ಹಾಸಬೇಕು. ಟೊರಾಂಟೊ ಮೃಗಾಲಯ ಆನೆ ಸಾಕುವುದನ್ನೇ ನಿಲ್ಲಿಸಿ, ಉಳಿದಿದ್ದ ಮೂರನ್ನು 2013ರ ಅಕ್ಟೋಬರಿನಲ್ಲಿ ಲಾರಿಯಲ್ಲಿ ಕ್ಯಾಲಿಫೋರ್ನಿಯಾದ ಅಭಯಧಾಮಕ್ಕೆ ಕಳಿಸಿತು. ಹುಲ್ಲುಗಾವಲೇನೋ ಸಿಕ್ಕಿತು. ಆದರೆ ಇರಿಂಗಾ ಎಂಬ ಹೆಣ್ಣಾನೆಯ ಕೀಲು, ಪಾದಗಳು ಸುಧಾರಿಸುವ ಹಂತ ಮೀರಿದ್ದವು. 2015ರಲ್ಲಿ ಅದಕ್ಕೆ ದಯಾಮರಣ ಕೊಡಬೇಕಾಯಿತು.

ಹೊರಡುವ ಮುಂಚೆ ಕ್ಷಯದ ಪರೀಕ್ಷೆ ಆಗಬೇಕು. ಮನುಷ್ಯರಿಗೆ ಬರುವ ಕ್ಷಯವೇ ಆನೆಗೂ ತಗಲುತ್ತದೆ, ಕೊಟ್ಟವರೂ ಬಹುಮಟ್ಟಿಗೆ ನಾವೇ. ಸೊಂಡಿಲಿಗೆ ಸುಮಾರು 60 ಮಿಲಿಲೀಟರ್ ಶುದ್ಧ ಉಪ್ಪುನೀರು ಹಾಕಿ, ಸೊಂಡಿಲೆತ್ತಿಸಿ, ಅರ್ಧ ನಿಮಿಷ ಬಿಟ್ಟು ಪ್ಲಾಸ್ಟಿಕ್ ಚೀಲದೊಳಕ್ಕೆ ಜೋರಾಗಿ ಊದಿಸಬೇಕು. ಒಂದು ವಾರದೊಳಗೆ, ಬೇರೆ ಬೇರೆ ದಿನ, ಮೂರು ಮಾದರಿ. ಪ್ರಯೋಗಾಲಯದಲ್ಲಿ ರೋಗಾಣು ಬೆಳೆಯುತ್ತದೋ ಇಲ್ಲವೋ ತಿಳಿಯಲು ಎಂಟು ವಾರ ಕಾಯಬೇಕು. ಆನೆ ನೀರನ್ನು ಕುಡಿದುಬಿಟ್ಟರೆ ಆ ದಿನದ ಮಾದರಿ ಹೋಯಿತು!

ಇನ್ನು ಪಂಜರ. ಆನೆಯನ್ನು ಮಲಗುವಷ್ಟು ಮಂಪರಿಗೆ ತಂದು ಸಾಗಿಸುವಂತಿಲ್ಲ. ಅದರ ಶ್ವಾಸಕೋಶ ಎದೆಗೂಡಿಗೆ ಅಂಟಿಕೊಂಡೇ ಇರುತ್ತದೆ. ಎದೆಯೂರಿ ಬಿದ್ದರೆ ಮೈಭಾರಕ್ಕೇ ಉಸಿರು ಕಟ್ಟುತ್ತದೆ. ಹಾಗಾಗಿ ನಿಂತೇ ಹೋಗಬೇಕು, ತಾನಾಗಿಯೇ ಹತ್ತಬೇಕು. ಎರಡೂ ಬಾಗಿಲು ತೆರೆದು ಪಂಜರವನ್ನು ಅಂಗಳದಲ್ಲೇ ಇಡುತ್ತಾರೆ. ಮೊದಲು ಬಾಗಿಲ ಬಳಿ ಮೇವು, ಆಮೇಲೆ ನಡುವೆ, ಆಮೇಲೆ ಆಚೆ ತುದಿಗೆ. ಆನೆ ಒಂದು ಕಾಲಿಟ್ಟು, ಕಬ್ಬಿಣದ ನೆಲದ ಟೊಳ್ಳು ಸದ್ದು ಕೇಳಿ ಹಿಂದೆ ಸರಿಯುತ್ತದೆ. ಅದಕ್ಕೇ ತಳಕ್ಕೆ ಮಣ್ಣು, ಹುಲ್ಲು ಹರಡುವುದು. ಇಡೀ ಮೈ ಒಳಗೆ ಬಂದ ಮೇಲೂ ಬಾಗಿಲು ಮುಚ್ಚುವುದು ಕೆಲವೇ ಕ್ಷಣ, ಮರುದಿನ ಇನ್ನಷ್ಟು ಹೊತ್ತು. ಆತುರಪಟ್ಟು ಒಮ್ಮೆ ಧಡಾರನೆ ಮುಚ್ಚಿದರೆ ವಾರಗಟ್ಟಲೆ ಗಳಿಸಿದ ನಂಬಿಕೆ ಅವತ್ತೇ ಮಣ್ಣುಪಾಲು.

ಈ ವಿದ್ಯೆ ನಮಗೆ ಗೊತ್ತಿಲ್ಲದ್ದೇನಲ್ಲ. 2025ರ ಜುಲೈನಲ್ಲಿ ಬನ್ನೇರುಘಟ್ಟದಿಂದ ನಾಲ್ಕು ಆನೆಗಳು ಇದೇ ರೀತಿ ಪಂಜರದ ತರಬೇತಿ ಪಡೆದು, ವಿಮಾನ ಹತ್ತಿ ಜಪಾನಿಗೆ ಹೋದವು. ಹೋದದ್ದು ಮಾತ್ರ ಒಂದು ಮೃಗಾಲಯದಿಂದ ಇನ್ನೊಂದಕ್ಕೆ. ಬದಲಿಗೆ ನಮಗೆ ಚೀತಾ, ಜಾಗ್ವಾರ್. ಕೈ ಪಳಗಿದೆ, ದಿಕ್ಕು ಬದಲಾಗಿಲ್ಲ.

ದಿಕ್ಕು ಬದಲಾದದ್ದು ಕಾವನ್ ವಿಷಯದಲ್ಲಿ. 1985ರಲ್ಲಿ ಶ್ರೀಲಂಕಾ ಪಾಕಿಸ್ತಾನಕ್ಕೆ ಕೊಟ್ಟ ಮರಿಯಾನೆ ಅದು. ಜೊತೆಗಾತಿ ಸಹೇಲಿ 2012ರಲ್ಲಿ ಸತ್ತ ಮೇಲೆ ಇಸ್ಲಾಮಾಬಾದಿನಲ್ಲಿ ಒಂಟಿಯಾಗಿ ತಲೆ ತೂಗುತ್ತಾ ನಿಂತಿತ್ತು. 2020ರ ಮೇ ತಿಂಗಳಲ್ಲಿ ಅಲ್ಲಿನ ಹೈಕೋರ್ಟ್ ಬಿಡುಗಡೆಗೆ ಆದೇಶಿಸಿತು. ಪಶುವೈದ್ಯ ಅಮೀರ್ ಖಲೀಲ್ ಅವರ ತಂಡ ಮೊದಲು ಮಾಡಿದ್ದು ಮೇವು ಬದಲಿಸುವ ಕೆಲಸ. ಕಬ್ಬು ತಿಂದು ಊದಿದ್ದ ಮೈ ಅರ್ಧ ಟನ್ನಿನಷ್ಟು ಇಳಿಯಿತು. ನವೆಂಬರ್ ಕೊನೆಗೆ ಕಾವನ್ ವಿಮಾನದಲ್ಲಿ ಕಾಂಬೋಡಿಯಾದ ಅಭಯಧಾಮಕ್ಕೆ ತಲುಪಿತು.

ತಲುಪಿದ ಕೂಡಲೇ ಬೇರೆ ಆನೆಗಳ ನಡುವೆ ಬಿಡಲಿಲ್ಲ, ಬಿಡಲೂಬಾರದು. ವರ್ಷಗಟ್ಟಲೆ ಒಂಟಿಯಾಗಿದ್ದ ಗಂಡಾನೆ ಹೇಗೆ ವರ್ತಿಸುತ್ತದೆಂದು ಹೇಳಲಾಗದು. ಮಧ್ಯೆ ಬೇಲಿ ಇತ್ತು. ಬೇಲಿಯ ಆಚೆಗೊಂದು ಆನೆ ಬಂದಾಗ ಕಾವನ್ ಸೊಂಡಿಲು ಚಾಚಿ ಅದರ ಸೊಂಡಿಲನ್ನು ಮುಟ್ಟಿತು. ಎಂಟು ವರ್ಷಗಳಲ್ಲಿ ಅದು ಮುಟ್ಟಿದ ಮೊದಲ ಆನೆ.