ಓಟದ ವೇಗ ಹುಟ್ಟಿನಿಂದಲೇ ಬರುತ್ತದೆಯೇ? ಸ್ನಾಯುತಂತು, ವಂಶವಾಹಿ ಮತ್ತು ಸಿದ್ದಿ ಮಕ್ಕಳ ತರಬೇತಿ

[ತೆರೆಯ ಮೇಲೆ: ನೂರು ಮೀಟರ್ ಓಟದ ಕೊನೆಯ ಕ್ಷಣ, ಪಕ್ಕದಲ್ಲಿ ಮ್ಯಾರಥಾನ್ ಓಟಗಾರರ ಸಾಲು]

ನಮಸ್ಕಾರ. ನೂರು ಮೀಟರ್ ಓಟಗಾರರ ದಪ್ಪ ತೊಡೆಯನ್ನೂ ಮ್ಯಾರಥಾನ್ ಓಟಗಾರರ ತೆಳ್ಳನೆಯ ಕಾಲನ್ನೂ ಅಕ್ಕಪಕ್ಕದಲ್ಲಿ ನೋಡಿದವರಿಗೆ, ಇದು ಹುಟ್ಟಿನಿಂದ ಬಂದದ್ದೋ ಅಭ್ಯಾಸದಿಂದ ಆದದ್ದೋ ಎಂಬ ಪ್ರಶ್ನೆ ಏಳದೆ ಇರದು. ಉತ್ತರವನ್ನು ಸ್ನಾಯುವಿನ ಒಳಗಿನಿಂದಲೇ ಹುಡುಕೋಣ.

ನಮ್ಮ ಸ್ನಾಯುಗಳಲ್ಲಿ ಮುಖ್ಯವಾಗಿ ಎರಡು ಬಗೆಯ ತಂತುಗಳಿವೆ. ನಿಧಾನ ತಂತುಗಳು ಆಮ್ಲಜನಕವನ್ನು ಬಳಸಿಕೊಂಡು ಗಂಟೆಗಟ್ಟಲೆ ದುಡಿಯಬಲ್ಲವು. ಆಮ್ಲಜನಕವನ್ನು ಹಿಡಿದಿಡುವ ಮಯೋಗ್ಲೋಬಿನ್ ಅವುಗಳಲ್ಲಿ ಹೆಚ್ಚಿರುವುದರಿಂದ ಬಣ್ಣವೂ ಕೆಂಪು. ವೇಗದ ತಂತುಗಳು ಕ್ಷಣದಲ್ಲಿ ಬಲವಾಗಿ ಸಂಕುಚಿಸುತ್ತವೆ, ಅಷ್ಟೇ ಬೇಗ ದಣಿಯುತ್ತವೆ. ಕೋಳಿಯ ಕಾಲಿನ ಮಾಂಸ ಕೆಂಪಗೆ, ಎದೆಯ ಮಾಂಸ ಬಿಳಿಯಾಗಿ ಇರುವುದಕ್ಕೂ ಇದೇ ಕಾರಣ: ಕೋಳಿಗೆ ದಿನವಿಡೀ ನಡೆಯುವ ಕೆಲಸವಿದೆ, ರೆಕ್ಕೆ ಬಡಿದು ಹಾರುವುದು ಅಪರೂಪಕ್ಕೆ. ಸಾಮಾನ್ಯರ ತೊಡೆಯಲ್ಲಿ ಈ ಎರಡೂ ಹೆಚ್ಚುಕಡಿಮೆ ಸಮನಾಗಿರುತ್ತವೆ. ದೂರದ ಓಟದಲ್ಲಿ ಹೆಸರು ಮಾಡಿದವರಲ್ಲಿ ನಿಧಾನ ತಂತುಗಳದ್ದೇ ಮೇಲುಗೈ. ವೇಗದ ಓಟಗಾರರಲ್ಲಿ ಅದು ತಿರುವುಮುರುವು.

[ತೆರೆಯ ಮೇಲೆ: ಸ್ನಾಯುತಂತುವಿನ ಚಿತ್ರ]

ಇನ್ನು ವಂಶವಾಹಿಗೆ ಬರೋಣ. ವೇಗದ ತಂತುಗಳಲ್ಲಿ ಮಾತ್ರ ಆಲ್ಫಾ-ಆ್ಯಕ್ಟಿನಿನ್-3 ಎಂಬ ಪ್ರೋಟೀನ್ ಇರುತ್ತದೆ. ಅದನ್ನು ತಯಾರಿಸುವ ಸೂಚನೆ ಇರುವುದು ಎಸಿಟಿಎನ್-3 ಎಂಬ ವಂಶವಾಹಿಯಲ್ಲಿ. ಈ ವಂಶವಾಹಿಯ ಒಂದು ರೂಪದಲ್ಲಿ ಸೂಚನೆ ನಡುವೆಯೇ ನಿಂತುಹೋಗುತ್ತದೆ. ತಾಯಿ ಮತ್ತು ತಂದೆ ಇಬ್ಬರಿಂದಲೂ ಆ ರೂಪವೇ ಬಂದವರ ದೇಹದಲ್ಲಿ ಈ ಪ್ರೋಟೀನ್ ತಯಾರಾಗುವುದೇ ಇಲ್ಲ. ಜಗತ್ತಿನಲ್ಲಿ ನೂರು ಕೋಟಿಗೂ ಹೆಚ್ಚು ಜನ ಹೀಗಿದ್ದಾರೆ, ಮತ್ತು ಅವರಿಗೆ ಇದರಿಂದ ಯಾವ ಕಾಯಿಲೆಯೂ ಇಲ್ಲ. ಅದರ ಸೋದರ ಪ್ರೋಟೀನ್ ಆ ಜಾಗವನ್ನು ತುಂಬುತ್ತದೆ.

2003ರಲ್ಲಿ ಕ್ಯಾಥ್ರಿನ್ ನಾರ್ತ್ ಅವರ ತಂಡ ಆಸ್ಟ್ರೇಲಿಯಾದ ಉನ್ನತ ಮಟ್ಟದ ಕ್ರೀಡಾಪಟುಗಳನ್ನು ಪರೀಕ್ಷಿಸಿದಾಗ, ಸಾಮಾನ್ಯರಲ್ಲಿ ಶೇ. 18ರಷ್ಟು ಜನರಿಗೆ ಈ ಪ್ರೋಟೀನ್ ಇಲ್ಲದಿದ್ದರೆ, ವೇಗ ಮತ್ತು ಬಲ ಬೇಡುವ ಕ್ರೀಡೆಗಳವರಲ್ಲಿ ಅಂಥವರು ಶೇ. 6ರಷ್ಟು ಮಾತ್ರ ಸಿಕ್ಕರು. ಇದು ಮಹತ್ವದ ಫಲಿತಾಂಶ. ಆದರೆ ಇದಕ್ಕೆ ‘ವೇಗದ ವಂಶವಾಹಿ’ ಎಂಬ ಹೆಸರು ಅಂಟಿಕೊಂಡದ್ದು ದುರದೃಷ್ಟಕರ ಎಂದು ನನಗೆ ಅನ್ನಿಸುತ್ತದೆ. ಜನರ ನಡುವಿನ ವೇಗದ ವ್ಯತ್ಯಾಸದಲ್ಲಿ ಇದು ವಿವರಿಸುವುದು ನೂರರಲ್ಲಿ ಎರಡು ಮೂರು ಪಾಲನ್ನಷ್ಟೇ. ಈ ಪ್ರೋಟೀನ್ ಇಲ್ಲದೆಯೂ ಒಲಿಂಪಿಕ್ಸ್‌ಗೆ ಹೋದ ಸ್ಪೇನಿನ ಉದ್ದಜಿಗಿತದ ಆಟಗಾರರೊಬ್ಬರ ಬಗ್ಗೆ ಸಂಶೋಧಕರು ಬರೆದಿದ್ದಾರೆ. ಪ್ರೋಟೀನ್ ಇಲ್ಲದಿರುವುದು ದೂರದ ಓಟಕ್ಕೆ ಅನುಕೂಲ ಎಂದು ಕೆಲವರು ಊಹಿಸಿದರು. ಆದರೆ ದೂರದ ಓಟಕ್ಕೆ ಹೆಸರಾದ ಕೀನ್ಯಾದಲ್ಲಿ ಅಂಥವರು ಶೇ. 1ರ ಆಸುಪಾಸಿನಲ್ಲಿ ಮಾತ್ರ ಇದ್ದಾರೆ.

ಒಂದೇ ವಂಶವಾಹಿ ದೊಡ್ಡ ವ್ಯತ್ಯಾಸ ಮಾಡಿದ ಉದಾಹರಣೆ ಇಲ್ಲವೆಂದಲ್ಲ. 1964ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನ ಗೆದ್ದ ಫಿನ್‌ಲೆಂಡಿನ ಸ್ಕೀ ಪಟು ಏರೋ ಮ್ಯಾಂಟೂರಾಂಟಾ ಅವರ ಕುಟುಂಬದಲ್ಲಿ, ಆಮ್ಲಜನಕವನ್ನು ಸಾಗಿಸುವ ಕೆಂಪು ರಕ್ತಕಣಗಳ ಉತ್ಪಾದನೆಯನ್ನು ಹೆಚ್ಚಿಸುವ ಒಂದು ಬದಲಾವಣೆ 1990ರ ದಶಕದಲ್ಲಿ ಪತ್ತೆಯಾಯಿತು. ಅದು ಅತ್ಯಂತ ಅಪರೂಪದ್ದು, ಮತ್ತು ಅದೇ ಬದಲಾವಣೆಯನ್ನು ಪಡೆದ ಅವರ ಬಂಧುಗಳೆಲ್ಲ ಪದಕ ಗೆದ್ದವರಲ್ಲ.

ಹಾಗಾದರೆ ಅಭ್ಯಾಸದ ಪಾಲೆಷ್ಟು? 1960ರಲ್ಲಿ ಜಾನ್ ಎಕ್ಲಿಸ್ ಮತ್ತು ಸಂಗಡಿಗರು ಬೆಕ್ಕುಗಳಲ್ಲಿ ವೇಗದ ಸ್ನಾಯುವಿನ ನರವನ್ನೂ ನಿಧಾನ ಸ್ನಾಯುವಿನ ನರವನ್ನೂ ಅದಲು ಬದಲು ಮಾಡಿ ಜೋಡಿಸಿದಾಗ, ಸ್ನಾಯುಗಳ ವೇಗವೇ ಬದಲಾಯಿತು. ತಂತುವಿನ ಸ್ವಭಾವ ಅದಕ್ಕೆ ನರದಿಂದ ಬರುವ ಸಂಕೇತವನ್ನೂ ಅವಲಂಬಿಸಿದೆ ಎಂಬುದು ಇದರಿಂದ ತಿಳಿಯಿತು. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇನ್ನೂ ಕಣ್ತೆರೆಸುವಂಥದ್ದು. ಒಂದೇ ವಂಶವಾಹಿಗಳನ್ನು ಹಂಚಿಕೊಂಡ ಅವಳಿ ಸೋದರರಲ್ಲಿ ಒಬ್ಬರು 30 ವರ್ಷ ದೂರದ ಓಟದಂಥ ವ್ಯಾಯಾಮದಲ್ಲಿ ತೊಡಗಿದ್ದರು, ಇನ್ನೊಬ್ಬರು ವ್ಯಾಯಾಮದ ಗೋಜಿಗೇ ಹೋಗಿರಲಿಲ್ಲ. ತೊಡೆಯ ಸ್ನಾಯುವಿನಲ್ಲಿ ನಿಧಾನ ತಂತುಗಳ ಪ್ರಮಾಣ ಮೊದಲನೆಯವರಲ್ಲಿ ಎರಡನೆಯವರಿಗಿಂತ ಎರಡು ಪಟ್ಟು ಹೆಚ್ಚಿತ್ತು. ಅವಳಿಗಳ ಒಂದು ಜೋಡಿಯಿಂದ ನಿಯಮ ಕಟ್ಟಲಾಗದು, ನಿಜ. ಆದರೂ ತಂತುಗಳ ಹಂಚಿಕೆ ಹುಟ್ಟಿದಂದೇ ಪೂರ್ತಿ ನಿರ್ಧಾರವಾಗುತ್ತದೆ ಎಂಬ ಮಾತನ್ನು ಅದು ಸಡಿಲಗೊಳಿಸುತ್ತದೆ.

[ತೆರೆಯ ಮೇಲೆ: ಉತ್ತರ ಕನ್ನಡದ ನಕ್ಷೆ, ಯಲ್ಲಾಪುರ, ಹಳಿಯಾಳ, ಮುಂಡಗೋಡ]

ಈ ವಿಷಯ ಕರ್ನಾಟಕಕ್ಕೂ ತಟ್ಟಿದೆ. ಉತ್ತರ ಕನ್ನಡದ ಕಾಡಂಚಿನಲ್ಲಿ ನೆಲೆಸಿರುವ ಸಿದ್ದಿ ಸಮುದಾಯದ ಪೂರ್ವಿಕರು ಆಫ್ರಿಕಾದಿಂದ, ಬಹುಪಾಲು ಗುಲಾಮರಾಗಿ, ಇಲ್ಲಿಗೆ ಬಂದವರು. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು, ಆಫ್ರಿಕಾ ಮೂಲದವರಿಗೆ ಓಟ ಸಹಜವಾಗಿಯೇ ಒಲಿದಿರುತ್ತದೆ ಎಂಬ ನಂಬಿಕೆಯಿಂದ, ಸಿದ್ದಿ ಮಕ್ಕಳನ್ನು ಆಯ್ದು ತರಬೇತಿ ಕೇಂದ್ರಗಳಿಗೆ ಕರೆತಂದಿತು. ಕೆಲವರು ರಾಷ್ಟ್ರಮಟ್ಟದವರೆಗೂ ಬೆಳೆದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು. ಎಷ್ಟೋ ಮಕ್ಕಳ ಕ್ರೀಡಾಜೀವನವೂ ಅಲ್ಲಿಗೇ ನಿಂತಿತು.

ಆ ನಂಬಿಕೆಯ ಬುಡವೇ ಗಟ್ಟಿಯಾಗಿರಲಿಲ್ಲ. ಮನುಷ್ಯರಲ್ಲಿ ಅತಿ ಹೆಚ್ಚಿನ ಆನುವಂಶಿಕ ವೈವಿಧ್ಯ ಇರುವುದು ಆಫ್ರಿಕಾದಲ್ಲೇ. ಜಮೈಕಾದ ವೇಗದ ಓಟಗಾರರ ಪೂರ್ವಿಕರು ಹೆಚ್ಚಾಗಿ ಪಶ್ಚಿಮ ಆಫ್ರಿಕಾದವರು. ಕೀನ್ಯಾದ ದೂರದ ಓಟಗಾರರಲ್ಲಿ ಬಹುತೇಕರು ಎತ್ತರದ ನಾಡಿನ ಕಲೆಂಜಿನ್ ಜನ. ಸಿದ್ದಿಗಳ ನಂಟು ಮುಖ್ಯವಾಗಿ ಆಫ್ರಿಕಾದ ಮಧ್ಯ, ಪೂರ್ವ ಮತ್ತು ದಕ್ಷಿಣದಲ್ಲಿ ಹರಡಿರುವ ಬಾಂಟು ಭಾಷಿಕರೊಂದಿಗೆ, ಅದರ ಮೇಲೆ ಶತಮಾನಗಳ ಭಾರತೀಯ ಬೆರಕೆಯೂ ಇದೆ. ಈ ಮೂವರನ್ನು ಮೈಬಣ್ಣ ನೋಡಿ ಒಂದೇ ಗುಂಪಿಗೆ ಸೇರಿಸಿದರೆ ಅದು ವಂಶವಾಹಿ ವಿಜ್ಞಾನ ಆಗುವುದಿಲ್ಲ. ಆ ಮಕ್ಕಳಿಗೆ ಬೇಕಿದ್ದದ್ದು ಹತ್ತಾರು ವರ್ಷ ಬಿಡದೆ ನಡೆಯುವ ತರಬೇತಿ, ಪೌಷ್ಟಿಕ ಆಹಾರ, ಶಿಕ್ಷಣ ಮತ್ತು ಮುಂದೆ ಕೈಹಿಡಿಯುವ ಉದ್ಯೋಗ.

ಈಗ ಎಂಜಲಿನ ಮಾದರಿ ಪಡೆದು ಮಗುವಿಗೆ ಯಾವ ಕ್ರೀಡೆ ಹೊಂದುತ್ತದೆ ಎಂದು ಹೇಳುವ ಡಿಎನ್‌ಎ ಪರೀಕ್ಷೆಗಳು ಮಾರಾಟಕ್ಕಿವೆ. ಅವುಗಳಲ್ಲಿ ಹೆಚ್ಚಾಗಿ ಕಾಣುವುದು ಎಸಿಟಿಎನ್-3. 2015ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಪ್ರಕಟಿಸಿದ ಒಮ್ಮತದ ಹೇಳಿಕೆ ಈ ಬಗ್ಗೆ ಸ್ಪಷ್ಟವಾಗಿದೆ: ಪ್ರತಿಭೆಯನ್ನು ಗುರುತಿಸುವುದಕ್ಕಾಗಲೀ ತರಬೇತಿಯನ್ನು ಬದಲಿಸುವುದಕ್ಕಾಗಲೀ ಯಾವ ಮಗುವನ್ನೂ ಇಂಥ ಪರೀಕ್ಷೆಗೆ ಒಳಪಡಿಸಬಾರದು.