ಅಲೆಯ ದಾರಿ ಕಾಯುವ ರೇಡಾರ್

[ದೃಶ್ಯ: ಕಪ್ಪು-ಬಿಳುಪು ರೇಡಾರ್ ಚಿತ್ರ, ಓರೆಯಾಗಿ ಸಾಗಿದ ಪಟ್ಟೆಗಳು]

ಈ ಪಟ್ಟೆಗಳು ಸಮುದ್ರದ ಅಲೆಗಳು. ಇವನ್ನು ಹಿಡಿದದ್ದು ಕ್ಯಾಮೆರಾ ಅಲ್ಲ, ಸುಮಾರು 700 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಸೆಂಟಿನೆಲ್-1 ಉಪಗ್ರಹದ ರೇಡಾರ್. ರಾತ್ರಿಯಾದರೇನು, ಮೋಡ ಕವಿದರೇನು, ಅದರ ಕೆಲಸ ನಿಲ್ಲುವುದಿಲ್ಲ.

ಸ್ವಾರಸ್ಯವೆಂದರೆ, ರೇಡಾರ್‌ಗೆ ಮಾರುತ್ತರ ಕೊಡುವುದು ನೂರಾರು ಮೀಟರ್ ಉದ್ದದ ಅಲೆಯಲ್ಲ. ಅದರ ಬೆನ್ನ ಮೇಲೆ ಗಾಳಿ ಎಬ್ಬಿಸುವ, ಕೆಲವೇ ಸೆಂಟಿಮೀಟರ್ ಅಂತರದ ಸುಕ್ಕುಗಳು. ರೇಡಾರ್‌ನ ತರಂಗಾಂತರವೂ ಸುಮಾರು 5.5 ಸೆಂಟಿಮೀಟರ್ ಅಷ್ಟೇ. ದೊಡ್ಡ ಅಲೆ ಈ ಸುಕ್ಕುಗಳನ್ನು ಹೊತ್ತು ವಾಲಿದಾಗ, ಉಪಗ್ರಹದತ್ತ ಮುಖ ಮಾಡಿದ ಇಳಿಜಾರು ಬೆಳ್ಳಗೆ, ಆಚೆಯದು ಕಪ್ಪಗೆ ಕಾಣುತ್ತದೆ. ಗಾಳಿ ಪೂರ್ತಿ ಬಿದ್ದುಹೋದರೆ ಸುಕ್ಕೂ ಇಲ್ಲ, ಚಿತ್ರವೂ ಇಲ್ಲ.

[ದೃಶ್ಯ: ಪೆಸಿಫಿಕ್ ಸಾಗರದ ನಕ್ಷೆ]

1963ರಲ್ಲಿ ಸಾಗರ ವಿಜ್ಞಾನಿ ವಾಲ್ಟರ್ ಮಂಕ್ ಅವರ ತಂಡ ನ್ಯೂಜಿಲೆಂಡ್‌ನಿಂದ ಅಲಾಸ್ಕಾವರೆಗೆ ಅಲ್ಲಲ್ಲಿ ಉಪಕರಣ ಇಟ್ಟು, ದಕ್ಷಿಣದ ಬಿರುಗಾಳಿಗಳಲ್ಲಿ ಹುಟ್ಟಿದ ಅಲೆಗಳ ಬೆನ್ನು ಹತ್ತಿತ್ತು. ಹೀಗೆ ಹುಟ್ಟಿದ ಜಾಗ ಬಿಟ್ಟು ದೂರ ಸಾಗುವ ಅಲೆಗಳಿಗೆ ಸ್ವೆಲ್ ಎನ್ನುತ್ತಾರೆ. ಇಂದು ಸೆಂಟಿನೆಲ್-1 ತೆರೆದ ಸಾಗರದ ಮೇಲೆ ಸಾಗುತ್ತ, ಪ್ರತಿ 100 ಕಿಲೋಮೀಟರ್‌ಗೊಮ್ಮೆ 20 ಕಿಲೋಮೀಟರ್ ಅಗಲದ ಒಂದೊಂದು ತುಣುಕು ಚಿತ್ರ ತೆಗೆಯುತ್ತದೆ. ಅವುಗಳನ್ನು ಜೋಡಿಸಿ ನೋಡಿದರೆ ಅಲೆಯ ಪಯಣವೇ ಎದುರಿಗೆ ಬರುತ್ತದೆ.

16 ಸೆಕೆಂಡಿಗೊಮ್ಮೆ ಏಳುವ ಅಲೆಯ ಉದ್ದ, ಅಂದರೆ ಒಂದು ಅಲೆಯ ತುದಿಯಿಂದ ಮುಂದಿನದರ ತುದಿಗಿರುವ ದೂರ, ಆಳ ಸಮುದ್ರದಲ್ಲಿ ಸುಮಾರು 400 ಮೀಟರ್. ಅದರ ಶಕ್ತಿ ಗಂಟೆಗೆ 45 ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ. 12 ಸೆಕೆಂಡಿನ ಅಲೆಯದು ಗಂಟೆಗೆ 34 ಕಿಲೋಮೀಟರ್ ಮಾತ್ರ. ಒಟ್ಟಿಗೇ ಹೊರಟ ಇವೆರಡರ ನಡುವೆ ಒಂದೇ ದಿನದಲ್ಲಿ 270 ಕಿಲೋಮೀಟರ್ ಅಂತರ! ಬಿರುಗಾಳಿಯ ಗೊಂದಲದಲ್ಲಿ ಕಲಸಿಹೋಗಿದ್ದ ಅಲೆಗಳು ದಾರಿ ಸಾಗಿದಂತೆ ತಾವಾಗಿಯೇ ವಿಂಗಡಣೆಯಾಗುತ್ತವೆ. ಉದ್ದ ಮತ್ತು ದಿಕ್ಕು ತಿಳಿದರೆ ಲೆಕ್ಕವನ್ನು ಹಿಂದಕ್ಕೆ ಓಡಿಸಿ, ಅವು ಎಲ್ಲಿ, ಯಾವಾಗ ಹುಟ್ಟಿದವೆಂದು ಪತ್ತೆ ಹಚ್ಚಬಹುದು. ನನ್ನ ಮಟ್ಟಿಗೆ ಈ ವಿದ್ಯೆಯ ಅತ್ಯಂತ ಸೊಗಸಾದ ಭಾಗ ಇದೇ.

ಅಲೆ ಬಡವಾಗುವುದೂ ಕಾಣುತ್ತದೆ. ಎನ್ವಿಸ್ಯಾಟ್ ಉಪಗ್ರಹದ ರೇಡಾರ್ ಮಾಹಿತಿ ಬಳಸಿ 2009ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಕಡಿದಾದ ಸ್ವೆಲ್ ಬೇಗ ಶಕ್ತಿ ಕಳೆದುಕೊಳ್ಳುತ್ತದೆ; ಮೇಲಿನ ಗಾಳಿಯೊಂದಿಗಿನ ಘರ್ಷಣೆ ಇದಕ್ಕೆ ಕಾರಣವಿರಬೇಕು.

[ದೃಶ್ಯ: ಕರಾವಳಿ, ಬಾಗಿದ ಪಟ್ಟೆಗಳು]

ದಡದ ಬಳಿ ಆಟ ಬೇರೆ. ಆಳವು ಅಲೆಯುದ್ದದ ಅರ್ಧಕ್ಕಿಂತ ಕಡಿಮೆಯಾದಾಗ ಅಲೆಗೆ ತಳ ತಾಗತೊಡಗುತ್ತದೆ. 400 ಮೀಟರ್‌ನ ಅದೇ ಅಲೆ 10 ಮೀಟರ್ ಆಳದಲ್ಲಿ 150 ಮೀಟರ್‌ನಷ್ಟಕ್ಕೆ ಕುಗ್ಗುತ್ತದೆ, ಆದರೆ 16 ಸೆಕೆಂಡಿನ ಲಯ ಬದಲಾಗುವುದಿಲ್ಲ. ಪಟ್ಟೆಗಳು ಎಷ್ಟು ಒತ್ತಾದವೆಂದು ಅಳೆದು ತಳದ ಆಳವನ್ನೇ ಅಂದಾಜು ಮಾಡುವವರಿದ್ದಾರೆ.

ಈ ರೇಡಾರ್‌ಗೂ ಒಂದು ಕುರುಡುತನವಿದೆ. ಯಾವ ಬಿಂದು ಎಲ್ಲಿದೆಯೆಂದು ಅದು ಡಾಪ್ಲರ್ ಪರಿಣಾಮದಿಂದ, ಅಂದರೆ ಹತ್ತಿರ ಬರುವಾಗ ಅಥವಾ ದೂರ ಸರಿಯುವಾಗ ಮರಳುವ ಅಲೆಯ ಆವರ್ತನ ಬದಲಾಗುವುದರಿಂದ, ಗುರುತಿಸುತ್ತದೆ. ನೀರು ಮೇಲೆ ಕೆಳಗೆ ಆಡಿದಾಗ ಜಾಗ ತಪ್ಪಿ ತೋರಿಸುತ್ತದೆ. ಹಾಗಾಗಿ ಉಪಗ್ರಹ ಹಾರುವ ದಿಕ್ಕಿನಲ್ಲೇ ಸಾಗುವ ಗಿಡ್ಡ ಅಲೆಗಳು ಅಳಿಸಿಹೋಗುತ್ತವೆ. 2018ರಲ್ಲಿ ಹಾರಿದ ಚೀನಾ-ಫ್ರಾನ್ಸ್ ಜಂಟಿ ಉಪಗ್ರಹ ಸಿಎಫ್‌ಒಸ್ಯಾಟ್ ಬೇರೆ ದಾರಿ ಹಿಡಿಯಿತು. ಅದರ ಸ್ವಿಮ್ ರೇಡಾರ್ ತನ್ನ ಕಿರಣಗಳನ್ನು ಸುತ್ತ ತಿರುಗಿಸುತ್ತ, ಉದ್ದ ಸುಮಾರು 70 ಮೀಟರ್‌ನಷ್ಟೇ ಇರುವ ಗಿಡ್ಡ ಅಲೆಗಳನ್ನೂ ಎಲ್ಲ ದಿಕ್ಕುಗಳಲ್ಲಿ ಅಳೆಯುತ್ತದೆ.