ಎಣ್ಣೆ ಕಾಯಿಸುವ ಮೊದಲು ಹೂವನ್ನು ನೋಡಿ

ಕೇಳುಗರಿಗೆಲ್ಲ ನಮಸ್ಕಾರ.

ತಿಂಡಿಯ ಕೆಲಸ ಮುಗಿದಿದೆ, ಒಲೆ ಖಾಲಿ ಇದೆ, ಇವತ್ತು ತಲೆಗೆ ದಾಸವಾಳದ ಎಣ್ಣೆ ಕಾಯಿಸಿಬಿಡೋಣ ಅಂದುಕೊಂಡವರು ನಿಮ್ಮಲ್ಲಿ ಇದ್ದೇ ಇರುತ್ತೀರಿ. ಬಹಳ ಒಳ್ಳೆಯದು. ಆದರೆ ಒಂದು ವಿಷಯ ಗಮನಿಸಿದ್ದೀರಾ? ಕೊಬ್ಬರಿ ಎಣ್ಣೆಯೋ ಎಳ್ಳೆಣ್ಣೆಯೋ, ಗಾಣದ್ದೋ ಪ್ಯಾಕೆಟ್ಟಿನದೋ ಅಂತ ಎಲ್ಲರೂ ನನ್ನನ್ನು ಕೇಳುತ್ತಾರೆ. ಹೂವು ಎಲ್ಲಿಂದ ತರಬೇಕು ಅಂತ ಯಾರೂ ಕೇಳುವುದಿಲ್ಲ. ಇವತ್ತು ಅದೊಂದನ್ನೇ ಮಾತಾಡೋಣ.

ಪೂಜೆಗೆಂದು ಮಾರುವ ಹೂವನ್ನು ಎಣ್ಣೆಗೆ ಹಾಕಬೇಡಿ. ನಾನು ಹೇಳಬೇಕಾದದ್ದು ಇಷ್ಟೇ.

ಬೆಂಗಳೂರಿನ ಕೆ.ಆರ್. ಮಾರ್ಕೆಟ್ಟಿನ ಹೂವು ಚೆನ್ನಾಗಿಲ್ಲ ಅಂತಲ್ಲ. ಬೆಳಗಿನ ಜಾವ ಅಲ್ಲಿಗೆ ಹೋಗಿ ನೋಡಿ, ಸೇವಂತಿಗೆ, ಗುಲಾಬಿ, ಚೆಂಡುಹೂ ರಾಶಿ ರಾಶಿ. ಒಂದು ಎಸಳಿಗೂ ಹುಳ ಬಿದ್ದಿರುವುದಿಲ್ಲ. ಯಾಕೆ ಬಿದ್ದಿರುವುದಿಲ್ಲ ಅಂತ ಯೋಚಿಸಬೇಕಲ್ವಾ? ಕೀಟನಾಶಕ ಹೊಡೆದಿರುತ್ತಾರೆ. ಎಸಳಿಗೆ ಚುಕ್ಕೆ ಬಿದ್ದರೆ ರೈತನಿಗೆ ಬೆಲೆ ಸಿಗುವುದಿಲ್ಲ, ಅವರದೇನೂ ತಪ್ಪಿಲ್ಲ. ದೇವರಿಗೆ ಮುಡಿಸುವ ಹೂವನ್ನು ಯಾರೂ ತಿನ್ನುವುದಿಲ್ಲ, ಮೈಗೆ ತಿಕ್ಕುವುದೂ ಇಲ್ಲ. ನೀವು ಅದನ್ನೇ ತಂದು ಎಣ್ಣೆಯಲ್ಲಿ ಕಾಯಿಸುತ್ತೀರಿ. ತೊಳೆದಿದ್ದೇವಲ್ಲ ಅನ್ನುತ್ತೀರಿ. ಎಷ್ಟೋ ಕೀಟನಾಶಕಗಳು ನೀರಿನಲ್ಲಿ ಕರಗುವುದಕ್ಕಿಂತ ಎಣ್ಣೆಯಲ್ಲಿ ಜಾಸ್ತಿ ಕರಗುತ್ತವೆ. ಕೆಲವು ಗಿಡದ ಒಳಗೇ ಸೇರಿಕೊಂಡಿರುತ್ತವೆ. ನಲ್ಲಿ ಕೆಳಗೆ ಹಿಡಿದರೆ ಅವು ಹೋಗುವುದಿಲ್ಲ. ಹೂವಿನ ಗುಣವನ್ನು ಎಳೆದುಕೊಳ್ಳುವ ಎಣ್ಣೆ ಇದನ್ನೂ ಎಳೆದುಕೊಳ್ಳುತ್ತದೆ.

ದೊಡ್ಡಬಳ್ಳಾಪುರದ ಕಡೆ ಒಂದು ಗುಲಾಬಿ ತೋಟಕ್ಕೆ ಹೋಗಿದ್ದೆ. ಜೊತೆಗೆ ನನ್ನ ಗೆಳತಿಯೊಬ್ಬರು ಬಂದಿದ್ದರು. ಹೂವು ಕಂಡದ್ದೇ ತಡ, ಅವರಿಗೆ ಆಸೆ. ಎರಡು ಕೆಜಿ ಕೊಡಿ, ಎಣ್ಣೆ ಮಾಡುತ್ತೇನೆ ಅಂದರು. ತೋಟದ ಯಜಮಾನಿ ಬುಟ್ಟಿ ಕೆಳಗಿಟ್ಟು ಇವರ ಮುಖ ನೋಡಿದರು. "ಎಣ್ಣೆಗಾ? ಬ್ಯಾಡ ಕಣಕ್ಕಾ. ಮೊನ್ನೆ ತಾನೇ ಔಸ್ದಿ ಹೊಡ್ದಿದೀವಿ. ಇದು ದೇವ್ರಿಗೆ ಹೋಗೋ ಹೂವ" ಅಂದರು. ಎರಡು ಕೆಜಿ ವ್ಯಾಪಾರ ಸುಮ್ನೆ ಬಿಟ್ಟುಕೊಟ್ಟರು! ಆಮೇಲೆ ನಮ್ಮನ್ನು ಮನೆಯ ಹಿಂದೆ ಕರೆದುಕೊಂಡು ಹೋದರು. ಬಚ್ಚಲು ನೀರು ಹರಿಯುವ ಕಡೆ ದೊಡ್ಡದೊಂದು ದಾಸವಾಳದ ಗಿಡ. ಐದೇ ಎಸಳಿನ ನಾಟಿ ಕೆಂಪು ದಾಸವಾಳ. ಎಲೆಗಳಲ್ಲಿ ತೂತು, ಕೊಂಬೆಯ ಮೇಲೆ ಇರುವೆ ಸಾಲು. "ನಮ್ಮನೆ ತಲೆಗೆ ಇದೇ. ಇದಕ್ಕೆ ಏನೂ ಹೊಡ್ಯಲ್ಲ" ಅಂದರು. ಒಳಗಿಂದ ಎಣ್ಣೆ ಬಾಟಲಿ ತಂದು ಮೂಸಲು ಕೊಟ್ಟರು. ದಾಸವಾಳ, ಗರುಗದ ಸೊಪ್ಪು, ಸ್ವಲ್ಪ ಮೆಂತ್ಯ. ಪಕ್ಕದಲ್ಲಿ ಕೂತಿದ್ದ ಅತ್ತೆಯ ಜಡೆ ಬಿಚ್ಚಿ ತೋರಿಸಿಯೂ ಬಿಟ್ಟರು. ಮಡಿಲ ತುಂಬ ದಾಸವಾಳ ಕಿತ್ತುಕೊಟ್ಟು, ದುಡ್ಡು ಬೇಡವೇ ಬೇಡ ಅಂದರು. ಎಕರೆಗಟ್ಟಲೆ ಹೂವು ಬೆಳೆಯುವ ಮನೆ. ತಮ್ಮ ತಲೆಗೆ ಮಾತ್ರ ಬಚ್ಚಲ ಹಿಂದಿನ ಗಿಡದ ಹೂವು. ಅವರಿಗೆ ಗೊತ್ತಿರುವುದು ನಮಗೂ ಗೊತ್ತಿರಬೇಡವೇ?

ಆದ್ದರಿಂದ, ಪೂಜೆಯ ಹೂವು ಪೂಜೆಗೆ. ಎಣ್ಣೆಗೆ ಬೇರೆ.

ಬೇರೆ ಎಲ್ಲಿಂದ ತರೋಣ ಅಂತೀರಾ? ನಿಮ್ಮ ಬಾಲ್ಕನಿಯಿಂದ. ಪರಿಚಯದವರ ಮನೆಯ ನಾಟಿ ದಾಸವಾಳದಿಂದ ಪೆನ್ಸಿಲ್ ದಪ್ಪದ ಕಡ್ಡಿ ತನ್ನಿ, ಮಳೆಗಾಲದಲ್ಲಿ ನೆಡಿ, ಸುಲಭವಾಗಿ ಬೇರು ಬಿಡುತ್ತದೆ. ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕು. ಗಿಡಕ್ಕೆ ಬಿಳಿ ಹಿಟ್ಟಿನ ಹಾಗೆ ಕಾಣುವ ಹಿಟ್ಟುತಿಗಣೆ ಬಂದರೆ ನೀರು ರಭಸವಾಗಿ ಹೊಡೆದು ತೊಳೆಯಿರಿ. ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿಗಳಲ್ಲೂ ಗಿಡ ಸಿಗುತ್ತದೆ. ಆದರೆ ತಂದ ಗಿಡದ ಮೊದಲ ಹೂವುಗಳನ್ನು ಬಿಟ್ಟುಬಿಡಿ. ಒಂದೆರಡು ತಿಂಗಳು ನಿಮ್ಮ ಕೈಯಲ್ಲಿ ಬೆಳೆಯಲಿ. ಲಾಲ್‌ಬಾಗಿನ ಒಳಗೆ, ಕಬ್ಬನ್ ಪಾರ್ಕಿನಲ್ಲಿ ಹೂವು ಕೀಳುವ ಹಾಗಿಲ್ಲ, ದಯವಿಟ್ಟು ಕೀಳಬೇಡಿ.

ಸ್ನಾನದ ಎಣ್ಣೆಗೆ ಆವರಿಕೆ ಹೂವು ಬೇಕಾದರೆ, ಊರ ಕಡೆಯ ನೆಂಟರನ್ನು ಕೇಳಿ. ಮಾಗಡಿ, ಕೋಲಾರದ ಕಡೆ ಬೀಳುಭೂಮಿಯಲ್ಲಿ ಹಳದಿಯಾಗಿ ಅರಳಿರುತ್ತದೆ. ಹೈವೇ ಪಕ್ಕದ್ದು ಬೇಡ, ಹೊಗೆ ಕುಡಿದಿರುತ್ತದೆ. ಇನ್ನು ಮೊಬೈಲಿನಲ್ಲಿ ನೋಡಿ ಕ್ಯಾಲೆಂಡುಲ ಎಣ್ಣೆಗೆ ಚೆಂಡುಹೂ ಹಾಕುವವರಿದ್ದಾರೆ. ಎರಡೂ ಬೇರೆ ಬೇರೆ ಗಿಡ. ಕ್ಯಾಲೆಂಡುಲ ಬೇಕಿದ್ದರೆ ಮಳೆಗಾಲ ಮುಗಿಯುವಾಗ ಬೀಜ ಹಾಕಿ, ಚಳಿಗಾಲದಲ್ಲಿ ನಿಮ್ಮ ಕುಂಡದಲ್ಲೇ ಅರಳುತ್ತದೆ.

ಗಡಿಯಾರ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಹೂವನ್ನು ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಕೀಳಿ. ಬಟ್ಟೆಯ ಮೇಲೆ ಹರಡಿ ನೆರಳಲ್ಲಿ ಬಾಡಿಸಿ. ನೀರಿನಂಶ ಉಳಿದರೆ ಎಣ್ಣೆ ಬೂಸ್ಟು ಹಿಡಿದು ಕೆಡುತ್ತದೆ. ಕಾಲು ಲೀಟರ್ ಎಣ್ಣೆಗೆ ಎಂಟು ಹತ್ತು ದಾಸವಾಳ ಸಾಕು. ಸಣ್ಣ ಉರಿ. ಕಾದ ಎಣ್ಣೆಯಲ್ಲಿ ಬತ್ತಿ ಅದ್ದಿ ಹಚ್ಚಿದಾಗ ಚಟಪಟ ಸದ್ದು ಬಂದರೆ ಇನ್ನೂ ನೀರಿದೆ ಅಂತ ಅರ್ಥ, ಇನ್ನಷ್ಟು ಕಾಯಿಸಿ. ಬತ್ತಿ ಹಚ್ಚುವ ಮೊದಲು ಒಲೆ ಆರಿಸಿ, ಬಾಣಲೆಯಿಂದ ದೂರ ನಿಲ್ಲಿ. ಮೊದಲ ಸಲ ತಣಿದ ಎಣ್ಣೆಯನ್ನು ಮೊಣಕೈಯ ಒಳಭಾಗಕ್ಕೆ ಸ್ವಲ್ಪ ಸವರಿ, ತುರಿಕೆ ಬರುತ್ತದೋ ಅಂತ ಒಂದು ದಿನ ನೋಡಿ.

ಮತ್ತೊಂದು ಮಾತು, ಇದನ್ನು ಮರೆಯಲೇಬೇಡಿ. ಪೂಜೆಯ ಬುಟ್ಟಿಯಲ್ಲಿ ಕಣಗಲೆ ಇರುತ್ತದೆ. ಅದರ ಹೂವು, ಎಲೆ, ಕಡ್ಡಿ, ಬೇರು ಎಲ್ಲವೂ ವಿಷ. ಬುಟ್ಟಿಯಲ್ಲಿ ಉಳಿದ ಹೂವನ್ನೆಲ್ಲ ಎಣ್ಣೆಗೆ ಸುರಿಯುವ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಆ ಬುಟ್ಟಿ ಅವರ ಕೈಗೆ ಸಿಗದ ಹಾಗೆ ಮೇಲಿಡಿ.

ನಮಸ್ಕಾರ.